ಅಂಗಿ ಎತ್ತಿ ಉಸಿರು ಎಣಿಸಿ: ಚಳಿಗಾಲದ ಕೆಮ್ಮು, ನೆಗಡಿ, ಉಬ್ಬಸ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೆಮ್ಮು, ನೆಗಡಿ, ಉಬ್ಬಸದ್ದೇ. ಸೊಗಡಿನ ಅವರೆಕಾಯಿ ಸಂತೆಗೆ ಬಂತೆಂದರೆ ಚಿಕ್ಕಬಳ್ಳಾಪುರದ ನಮ್ಮ ಕ್ಲಿನಿಕ್ಕಿನ ಬೆಂಚೂ ತುಂಬುತ್ತದೆ. ನಂದಿ ಬೆಟ್ಟದ ಕಡೆಯ ಮಂಜು, ಧನುರ್ಮಾಸದ ನಸುಕಿನ ಸ್ನಾನ, ರಸ್ತೆ ಮೇಲೇ ಹರಡಿದ ರಾಗಿ ತೆನೆಯ ಧೂಳು, ಕಿಟಕಿ ಬಾಗಿಲು ಭದ್ರ ಮಾಡಿ ಒಂದೇ ಕೋಣೆಯಲ್ಲಿ ಆರು ಜನ ಮಲಗುವುದು, ಎಲ್ಲ ಒಟ್ಟಿಗೇ ಬರುವ ಕಾಲ ಇದು. ನೆಗಡಿ ತರುವುದು ವೈರಸ್. ಮುಚ್ಚಿದ ಕೋಣೆಯಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಸಿಗುವುದರಿಂದ ಚಳಿಗಾಲದಲ್ಲಿ ಅದಕ್ಕೆ ಸುಗ್ಗಿ. ನೆಗಡಿಯಂಥ ರೋಗವಿಲ್ಲ ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದು ಸುಮ್ನೆ ಅಲ್ಲ. ಬಹಳ ಸಲ ಅದು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಯಾವಾಗ ತಾನಾಗಿ ಹೋಗುವುದಿಲ್ಲ ಅನ್ನುವುದನ್ನು ಗುರುತಿಸುವುದೇ ಕಷ್ಟ. ಅದಕ್ಕೇ ಈ ತಿಂಗಳ ಅಂಕಣ ಪೂರ್ತಿ ಇದಕ್ಕೆ.

ಪ್ರಶ್ನೆ: ಡಾಕ್ಟರಮ್ಮ, ನನ್ನ ಮಗುವಿಗೆ 8 ತಿಂಗಳು. ಮೂರು ದಿನದಿಂದ ನೆಗಡಿ. ರಾತ್ರಿ ಎದೆಯೆಲ್ಲ ಗೊರಗೊರ ಅನ್ನುತ್ತದೆ. ಜ್ವರ ಅಷ್ಟೇನಿಲ್ಲ. ಅತ್ತೆ ದಿನಾ ಸ್ನಾನ ಆದಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತಾರೆ, ಬಟ್ಟೆಯಲ್ಲಿ ಕರ್ಪೂರ, ಓಮ ಕಟ್ಟಿ ಮೂಗಿನ ಹತ್ತಿರ ಹಿಡಿಯುತ್ತಾರೆ, ಮೂಗಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆಯನ್ನೂ ಬಿಡುತ್ತಾರೆ. ಬೇಡ ಅನ್ನುವುದಕ್ಕೆ ನನಗೆ ಧೈರ್ಯ ಇಲ್ಲ. ಯಾವಾಗ ಆಸ್ಪತ್ರೆಗೆ ಹೋಗಬೇಕು?
ಒಬ್ಬ ತಾಯಿ, ಗೌರಿಬಿದನೂರು

ಉತ್ತರ: ನಿಮ್ಮ ಅತ್ತೆಗೆ ಮೊದಲು ನನ್ನ ನಮಸ್ಕಾರ ಹೇಳಿ, ತಾಯಿ. ಮೊಮ್ಮಗು ಮೂಗು ಕಟ್ಟಿ ಒದ್ದಾಡುವಾಗ ಸುಮ್ಮನೆ ಕೂರಲಾಗದೆ ತಮ್ಮ ಅಮ್ಮ ಮಾಡಿದ್ದನ್ನೇ ಮಾಡುತ್ತಿದ್ದಾರೆ. ಈ ಉತ್ತರವನ್ನು ಅವರ ಜೊತೆ ಕೂತೇ ಓದಿ.

ಮೊದಲು ಆ ಗೊರಗೊರ. ಪುಟ್ಟ ಮಕ್ಕಳ ಮೂಗಿನ ಹೊಳ್ಳೆ ತುಂಬಾ ಸಣ್ಣದು. ಅಲ್ಲಿ ಸಿಂಬಳ ಕಟ್ಟಿದರೆ ಸದ್ದು ಎದೆಯವರೆಗೂ ಕೇಳಿಸುತ್ತದೆ, ಬೆನ್ನ ಮೇಲೆ ಕೈ ಇಟ್ಟರೆ ಕೈಗೂ ಗೊತ್ತಾಗುತ್ತದೆ. ಅದನ್ನು ಕೇಳಿ ಹೆದರಿದ ಎಷ್ಟೋ ಅಮ್ಮಂದಿರು ನಡುರಾತ್ರಿ ಓಡಿ ಬರುತ್ತಾರೆ. ಇನ್ನೊಂದು ಕಡೆ, ಸದ್ದೇ ಇಲ್ಲದೆ ನಿಜವಾಗಿ ಉಸಿರಿಗೆ ಕಷ್ಟಪಡುವ ಮಗುವನ್ನು ಮನೆಯವರು ತಡವಾಗಿ ಕರೆತರುತ್ತಾರೆ. ನಾನು ಡಾಕ್ಟರಾದ ಹೊಸದರಲ್ಲಿ ಒಂದು ಮಗು ಬಂತು. ಸ್ವೆಟರ್, ಅದರ ಮೇಲೆ ಶಾಲು, ಅದರ ಮೇಲೆ ಟವೆಲ್. ಕೆಮ್ಮು ಕಡಿಮೆ, ಜ್ವರ ಕಡಿಮೆ, ಅಳುವೂ ಇಲ್ಲ. ಸಾಧಾರಣ ನೆಗಡಿ ಅಂತ ಚೀಟಿ ಬರೆಯಲು ಹೊರಟಿದ್ದೆ. ಪಕ್ಕದಲ್ಲಿದ್ದ ಹಿರಿಯ ನರ್ಸಮ್ಮ ಏನೂ ಮಾತಾಡದೆ ಮಗುವಿನ ಅಂಗಿ ಎತ್ತಿದರು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಅಂದೇ ಆಕ್ಸಿಜನ್ ಕೊಟ್ಟು ಆ ಮಗುವನ್ನು ಉಳಿಸಿಕೊಂಡೆವು. ಅವತ್ತಿನಿಂದ ಎಷ್ಟೇ ಜನ ಕಾಯುತ್ತಿರಲಿ, ಅಂಗಿ ಎತ್ತದೆ ನಾನು ಒಂದು ಮಗುವನ್ನೂ ನೋಡಿ ಕಳಿಸಿಲ್ಲ.

ನೀವೂ ಅದನ್ನೇ ಮಾಡಿ. ಮಗು ಮಲಗಿರುವಾಗ ಅಥವಾ ಸಮಾಧಾನವಾಗಿರುವಾಗ ಅಂಗಿ ಎತ್ತಿ, ಫೋನಿನಲ್ಲಿ ಪೂರಾ ಒಂದು ನಿಮಿಷ ಇಟ್ಟುಕೊಂಡು, ಹೊಟ್ಟೆ ಎಷ್ಟು ಸಲ ಮೇಲೆ ಬರುತ್ತದೆ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, 2ರಿಂದ 12 ತಿಂಗಳೊಳಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದೊಳಗೆ 40 ಅಥವಾ ಜಾಸ್ತಿ ಬಂದರೆ ಅದು ವೇಗದ ಉಸಿರು. ನಿಮ್ಮ ಮಗುವಿಗೆ ನೆನಪಿಡಬೇಕಾದ ಸಂಖ್ಯೆ 50. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಲೆಕ್ಕ ಇದು, ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ. 50 ಅಥವಾ ಜಾಸ್ತಿ ಬಂದರೆ ಅಂದೇ ಡಾಕ್ಟರ ಹತ್ತಿರ ಹೋಗಿ.

ಇನ್ನು ಕೆಲವಕ್ಕೆ ಎಣಿಸುವುದೂ ಬೇಡ, ನೇರ ಹೊರಡಿ: ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುವುದು, ಪ್ರತಿ ಉಸಿರಿಗೂ ನರಳುವ ಸದ್ದು, ಹಾಲು ಕುಡಿಯಲು ಆಗದಿರುವುದು, ಕುಡಿದದ್ದೆಲ್ಲ ವಾಂತಿ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದಿರುವುದು, ಫಿಟ್ಸ್, ತುಟಿ ನೀಲಿಯಾಗುವುದು. 108ಕ್ಕೆ ಫೋನ್ ಮಾಡಿ. ಎರಡು ತಿಂಗಳ ಒಳಗಿನ ಕೂಸಿಗೆ ಬರೀ ಜ್ವರ ಬಂದರೂ ಅಂದೇ ತೋರಿಸಬೇಕು. ಮೂರನೇ ದಿನದಿಂದ ಐದನೇ ದಿನದವರೆಗೆ ಸ್ವಲ್ಪ ಹುಷಾರಾಗಿರಿ. ಎರಡು ವರ್ಷದ ಒಳಗಿನ ಮಕ್ಕಳಿಗೆ ಆರ್‌ಎಸ್‌ವಿ ಅನ್ನುವ ವೈರಸ್ ಬಂದರೆ ಶ್ವಾಸಕೋಶದ ಸಣ್ಣ ಸಣ್ಣ ಕೊಳವೆಗಳು ಊದಿಕೊಳ್ಳುತ್ತವೆ. ನೆಗಡಿಯಂತೆ ಶುರುವಾಗಿ ಆ ದಿನಗಳಲ್ಲೇ ಅದು ಜಾಸ್ತಿಯಾಗುವುದು.

ಈಗ ಹೊಗೆಯ ವಿಷಯ. ಸಾಂಬ್ರಾಣಿಯಾಗಲಿ ಸೌದೆಯಾಗಲಿ, ಹೊಗೆ ಹೊಗೆಯೇ. ಊದಿಕೊಂಡ ಕೊಳವೆಗೆ ಅದು ಇನ್ನಷ್ಟು ಉರಿ ಕೊಡುತ್ತದೆ. ಕೂದಲು ಒಣಗಿಸಲು ಮೆತ್ತನೆ ಬಟ್ಟೆ ಸಾಕು. ಕರ್ಪೂರದ ಗಂಟನ್ನು ಇವತ್ತೇ ಮನೆಯ ದೇವರ ಗೂಡಿಗೆ ಸೇರಿಸಿ, ಅದೂ ಮಗುವಿನ ಕೈಗೆ ಸಿಗದ ಎತ್ತರದಲ್ಲಿ. ಒಂದು ಚೂರು ಮಗುವಿನ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಎದೆಗೆ ಹಚ್ಚುವ ಕರ್ಪೂರದ ಮುಲಾಮೂ ಎರಡು ವರ್ಷದ ಒಳಗೆ ಬೇಡ. ಎಣ್ಣೆಯಂತೂ ಖಂಡಿತ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಕೂತು ನ್ಯುಮೋನಿಯಾ ತರುತ್ತದೆ. ಅದರ ಬದಲು ಮೆಡಿಕಲ್ ಶಾಪಿನಲ್ಲಿ ಸಲೈನ್ ಮೂಗಿನ ಡ್ರಾಪ್ಸ್ ಸಿಗುತ್ತದೆ, ಬರೀ ಉಪ್ಪು ನೀರು ಅದು. ಮೂಗು ಕಟ್ಟು ಬಿಡಿಸುವ ಬೇರೆ ಔಷಧಿಯ ಡ್ರಾಪ್ಸ್ ಕೊಟ್ಟರೆ ತರಬೇಡಿ. ಹಾಲು ಕೊಡುವ ಮುಂಚೆ, ಮಲಗಿಸುವ ಮುಂಚೆ ಒಂದೊಂದು ಹೊಳ್ಳೆಗೆ ಎರಡು ತೊಟ್ಟು ಬಿಟ್ಟು, ಒಂದೆರಡು ನಿಮಿಷ ಬಿಟ್ಟು ಮೆತ್ತಗೆ ಒರೆಸಿ. ಮೂಗು ಬಿಟ್ಟರೆ ಮಗು ಹಾಲು ಕುಡಿಯುತ್ತದೆ. ಒಂದೇ ಸಲ ಹೊಟ್ಟೆ ತುಂಬಾ ಕುಡಿಯಲಾರದು, ಸ್ವಲ್ಪ ಸ್ವಲ್ಪ ಪದೇ ಪದೇ ಕೊಡಿ. ಉಚ್ಚೆ ದಿನಕ್ಕಿಂತ ಅರ್ಧಕ್ಕೆ ಇಳಿದರೆ ಕುಡಿದದ್ದು ಸಾಲುತ್ತಿಲ್ಲ ಅಂತ ಅರ್ಥ, ಡಾಕ್ಟರಿಗೆ ತೋರಿಸಿ.

ಹಾಗೇ ತಾಯಿ ಕಾರ್ಡ್ ತೆಗೆದು ನೋಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 6 ವಾರಕ್ಕೆ, 14 ವಾರಕ್ಕೆ, ಮತ್ತೆ 9 ತಿಂಗಳಿಗೆ ಸರ್ಕಾರದಿಂದ ಉಚಿತ. ನಿಮ್ಮ ಮಗುವಿನ 9 ತಿಂಗಳ ಡೋಸ್ ಹತ್ತಿರದಲ್ಲೇ ಇದೆ. ನೆಗಡಿ ಇದೆ ಅಂತ ಅದನ್ನು ಮುಂದೂಡಬೇಡಿ.

ಪ್ರಶ್ನೆ: ಮಗನಿಗೆ 3 ವರ್ಷ, 12 ಕೆಜಿ ಇದ್ದಾನೆ. ಅಂಗನವಾಡಿಗೆ ಹೋಗಲು ಶುರು ಮಾಡಿದ ಮೇಲೆ ತಿಂಗಳಿಗೊಮ್ಮೆ ಕೆಮ್ಮು. ಸಿರಪ್ ಬಗ್ಗೆ ಬಂದ ಸುದ್ದಿ ನೋಡಿ ಮನೆಯಲ್ಲಿದ್ದ ಬಾಟಲಿ ಬಿಸಾಕಿದೆವು. ಈಗ ಏನು ಕೊಡಬೇಕು? ಜ್ವರದ ಔಷಧಿಯೂ ಕೊಡಬಾರದೇ?
ಒಬ್ಬ ತಂದೆ, ತುಮಕೂರು

ಉತ್ತರ: ಬಿಸಾಕಿದ್ದು ಸರಿಯಾಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸಿಕ್ಕಿತು. ಆ ಸುದ್ದಿ ಓದಿದ ದಿನ ನನಗೂ ಊಟ ಸೇರಲಿಲ್ಲ. ಕೆಮ್ಮಿಗೆ ಅಂತ ನಂಬಿ ಚಮಚದಲ್ಲಿ ಕುಡಿಸಿದ ಅಪ್ಪ ಅಮ್ಮಂದಿರು ಅವರು. ಅದಾದ ಮೇಲೆ ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಲ್ಲ ರಾಜ್ಯಗಳಿಗೂ ತಿಳಿಸಿತು: ಎರಡು ವರ್ಷದ ಒಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದ ಒಳಗೆ ಸಾಮಾನ್ಯವಾಗಿ ಬೇಡ. ಅದಕ್ಕೂ ಮುಂಚೆ, 2023ರ ಡಿಸೆಂಬರ್‌ನಲ್ಲೇ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ನೆಗಡಿ ಔಷಧಿಯನ್ನು 4 ವರ್ಷದ ಒಳಗಿನವರಿಗೆ ಕೊಡಬಾರದು ಅಂತ ದೇಶದ ಔಷಧ ನಿಯಂತ್ರಕರು ಹೇಳಿದ್ದರು. ಮನೆಯಲ್ಲಿ ಇನ್ನೂ ಯಾವುದಾದರೂ ಬಾಟಲಿ ಇದ್ದರೆ ಲೇಬಲ್ಲಿನಲ್ಲಿ ಈ ಎರಡು ಹೆಸರು ಹುಡುಕಿ.

ವಿಷ ಬೆರೆಯದ ಒಳ್ಳೆ ಸಿರಪ್ಪಾದರೂ ಈ ವಯಸ್ಸಿಗೆ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಕೆಮ್ಮು ಕಫವನ್ನು ಹೊರಗೆ ತಳ್ಳುವ ದಾರಿ, ಅದನ್ನು ಒತ್ತಿ ಹಿಡಿಯುವುದು ಯಾಕೆ? ನಿಮ್ಮ ಮಗನಿಗೆ ರಾತ್ರಿ ಮಲಗುವ ಮುಂಚೆ ಅರ್ಧದಿಂದ ಒಂದು ಚಿಕ್ಕ ಚಮಚ ಜೇನುತುಪ್ಪ ಕೊಡಿ, ಕೆಮ್ಮು ತಗ್ಗಿ ನಿದ್ದೆ ಬರುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಲೂ ಬೇಡಿ. ಅದರಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಎಳೆ ಕರುಳಿನಲ್ಲಿ ಬೆಳೆದು ಕೈಕಾಲಿನ ಶಕ್ತಿಯನ್ನೇ ಕಸಿಯಬಹುದು. ಬಿಸಿ ತಿಳಿಸಾರು, ಬೆಚ್ಚಗಿನ ರಾಗಿ ಗಂಜಿ, ಅವನು ಏನು ಕುಡಿಯುತ್ತಾನೋ ಅದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಬಹುದು. ಲೆಕ್ಕ ಮಾತ್ರ ತೂಕದ ಮೇಲೆ, ವಯಸ್ಸಿನ ಮೇಲೆ ಅಲ್ಲ. ಕೆಜಿಗೆ 15 ಮಿಲಿಗ್ರಾಂ, ಅಂದರೆ ನಿಮ್ಮ ಮಗನಿಗೆ ಒಂದು ಸಲಕ್ಕೆ 180 ಮಿಲಿಗ್ರಾಂ. ಜನ ಎಡವುವುದು ಇಲ್ಲೇ. ಸಿರಪ್ ಎರಡು ಥರ ಬರುತ್ತದೆ. 5 ಎಂಎಲ್‌ನಲ್ಲಿ 120 ಇರುವುದಾದರೆ ಅವನಿಗೆ 7.5 ಎಂಎಲ್. 5 ಎಂಎಲ್‌ನಲ್ಲಿ 250 ಇರುವುದಾದರೆ ಮೂರೂವರೆ ಎಂಎಲ್ ಸಾಕು. ಎರಡೂ ಬಾಟಲಿ ನೋಡಲು ಒಂದೇ ಥರ. ಲೇಬಲ್ ಓದಿ, ಅಡುಗೆಮನೆ ಚಮಚ ಬೇಡ, ಜೊತೆಗೆ ಬರುವ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲ ದಾಟಬಾರದು. ಆಸ್ಪಿರಿನ್ ಮಕ್ಕಳಿಗೆ ಬೇಡ. ಮೂರು ದಿನವಾದರೂ ಜ್ವರ ಬಿಡದಿದ್ದರೆ, ಬಿಟ್ಟ ಜ್ವರ ಮತ್ತೆ ಏರಿದರೆ ತೋರಿಸಿ.

ಅಂಗನವಾಡಿಗೆ ಸೇರಿದ ಮೊದಲ ವರ್ಷ ತಿಂಗಳಿಗೊಂದು ನೆಗಡಿ ಬರುವುದು ಸಹಜ. ನಡುವೆ ಚೆನ್ನಾಗಿ ಆಡಿಕೊಂಡು, ತಿಂದುಕೊಂಡು, ತೂಕ ಹೆಚ್ಚುತ್ತಿದ್ದರೆ ಚಿಂತೆ ಬೇಡ.

ಪ್ರಶ್ನೆ: ಟೊಮೆಟೊ ಮಂಡಿಯಲ್ಲಿ ಲೋಡಿಂಗ್ ಕೆಲಸ. ಬೆಳಗಿನ ಜಾವ 3ಕ್ಕೇ ಹೋಗಬೇಕು. ನೆಗಡಿಯಾಗಿ ನಾಲ್ಕು ದಿನಕ್ಕೆ ಕಫ ಹಸಿರಾಯಿತು. ಮೆಡಿಕಲ್‌ನವರು ಮೂರು ಆಂಟಿಬಯೋಟಿಕ್ ಮಾತ್ರೆ ಕೊಟ್ಟರು. ಕಡಿಮೆಯಾಯಿತು. ಪ್ರತಿ ವರ್ಷ ಹೀಗೇ ಮಾಡುತ್ತೇನೆ. ತಪ್ಪೇನಾದರೂ ಇದೆಯೇ?
ಓದುಗರು, ಕೋಲಾರ

ಉತ್ತರ: ಕೂಲಿ ತಪ್ಪಬಾರದು ಅನ್ನುವ ನಿಮ್ಮ ಕಷ್ಟ ಗೊತ್ತು, ಅಣ್ಣ. ಆದರೆ ಕಡಿಮೆ ಮಾಡಿದ್ದು ಆ ಮಾತ್ರೆಯಲ್ಲ. ನೆಗಡಿ ಐದನೇ ದಿನದ ಹೊತ್ತಿಗೆ ತಾನೇ ಇಳಿಯಲು ಶುರುವಾಗುತ್ತದೆ, ನೀವು ಮಾತ್ರೆ ತಗೊಂಡದ್ದು ಅದೇ ಹೊತ್ತಿಗೆ. ಕಫ ಹಳದಿ, ಹಸಿರು ಆಗುವುದು ನಮ್ಮದೇ ಬಿಳಿ ರಕ್ತಕಣಗಳು ಹೋರಾಡಿ ಸತ್ತು ಅದರಲ್ಲಿ ಸೇರುವುದರಿಂದ. ವೈರಸ್ ನೆಗಡಿಯಲ್ಲೂ ಹಾಗೇ ಆಗುತ್ತದೆ. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ, ನೆಗಡಿಯ ವೈರಸ್‌ಗೆ ಅದು ತಾಗುವುದೇ ಇಲ್ಲ. ವರ್ಷ ವರ್ಷ ಹೀಗೆ ಮೂರು ಮಾತ್ರೆ ನುಂಗಿದರೆ ನಿಮ್ಮ ಮೈಯಲ್ಲಿರುವ ಬ್ಯಾಕ್ಟೀರಿಯಾ ಅದಕ್ಕೆ ಪಳಗುತ್ತವೆ. ಮುಂದೆ ನಿಜವಾಗಿ ನ್ಯುಮೋನಿಯಾ ಬಂದಾಗ ಅದೇ ಔಷಧಿ ನಾಟುವುದಿಲ್ಲ.

ನೆಗಡಿ 7ರಿಂದ 10 ದಿನ ಇರುತ್ತದೆ, ಕೆಮ್ಮು ಒಂದೊಂದು ಸಲ ಎರಡು ಮೂರು ವಾರ ಎಳೆಯುತ್ತದೆ, ಆದರೂ ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಹತ್ತು ದಿನವಾದರೂ ಇಳಿಯದಿದ್ದರೆ, ಇಳಿದದ್ದು ಮತ್ತೆ ಜ್ವರದ ಜೊತೆ ಏರಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಫದಲ್ಲಿ ರಕ್ತ ಕಂಡರೆ, ಸುಮ್ಮನೆ ಕೂತಾಗಲೂ ನಿಮಿಷಕ್ಕೆ 30ರ ಹತ್ತಿರ ಉಸಿರಾಡುತ್ತಿದ್ದರೆ ಅದು ಬರೀ ನೆಗಡಿಯಲ್ಲ. ಬೀಡಿ ಸೇದುತ್ತೀರೋ ಇಲ್ಲವೋ ನೀವು ಬರೆದಿಲ್ಲ. ಸೇದುತ್ತಿದ್ದರೆ ಪ್ರತಿ ಚಳಿಗೂ ಕಫ ಕಟ್ಟುವುದಕ್ಕೆ ಅದೇ ದೊಡ್ಡ ಕಾರಣ ಇರಬಹುದು, ಈ ವರ್ಷವೇ ಬಿಡಿ.

ಪ್ರಶ್ನೆ: ನನಗೆ 38. ಮನೆಯಲ್ಲೇ ರೇಷ್ಮೆ ರೀಲಿಂಗ್ ಇದೆ. ಕಾರ್ತಿಕ ಕಳೆದರೆ ಸಾಕು, ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮು ಬಂದು ಎದ್ದು ಕೂರುತ್ತೇನೆ, ಎದೆಯಲ್ಲಿ ಪೀಪಿ ಊದಿದ ಹಾಗೆ ಸದ್ದು. ಹಗಲು ಪರವಾಗಿಲ್ಲ. ಡಾಕ್ಟರು ಇನ್ಹೇಲರ್ ಬರೆದರು. ಒಮ್ಮೆ ಶುರು ಮಾಡಿದರೆ ಬಿಡಲಾಗುವುದಿಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ಮಾತ್ರೆಯಲ್ಲೇ ವಾಸಿಯಾಗುವುದಿಲ್ಲವೇ?
ಓದುಗರು, ಶಿಡ್ಲಘಟ್ಟ

ಉತ್ತರ: ಅಕ್ಕ, ಈ ಭಯವನ್ನು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಹೇಳಿದ್ದು ಉಬ್ಬಸದ ಲಕ್ಷಣ, ಆಸ್ತಮಾ. ನಡುರಾತ್ರಿ ಎಬ್ಬಿಸುವ ಕೆಮ್ಮು, ಪೀಪಿ ಸದ್ದು, ವರ್ಷದ ಒಂದು ಕಾಲಕ್ಕೆ ಜಾಸ್ತಿ, ಹಗಲು ಸುಮಾರು. ಶ್ವಾಸನಾಳದ ಒಳಗೋಡೆ ಯಾವಾಗಲೂ ಸ್ವಲ್ಪ ಊದಿಕೊಂಡಿರುತ್ತದೆ. ಚಳಿ ಗಾಳಿ, ನೆಗಡಿ, ಧೂಳು ತಾಗಿದಾಗ ಸುತ್ತಲಿನ ಸ್ನಾಯು ಬಿಗಿದು ದಾರಿ ಕಿರಿದಾಗುತ್ತದೆ. ನಿಮ್ಮ ವಿಷಯದಲ್ಲಿ ಇನ್ನೊಂದನ್ನೂ ನೋಡಬೇಕು. ಗೂಡು ಬೇಯಿಸುವ ಬಾಣಲೆಯ ಹಬೆ, ಒಲೆಯ ಸೌದೆ ಹೊಗೆ, ಗೂಡಿನ ಮತ್ತು ಹುಳದ ಸೂಕ್ಷ್ಮ ಕಣ, ಇವು ಕೆಲವರಿಗೆ ಅಲರ್ಜಿ ಕೊಟ್ಟು ಉಬ್ಬಸ ತರುತ್ತವೆ. ಸಂಬಂಧಿಕರ ಮನೆಗೆ ನಾಲ್ಕು ದಿನ ಹೋದಾಗ ಕೆಮ್ಮು ಕಡಿಮೆಯಾಗಿ, ವಾಪಸ್ ಬಂದು ಬಾಣಲೆ ಮುಂದೆ ಕೂತಾಗ ಮತ್ತೆ ಶುರುವಾಗುತ್ತದೆಯೇ? ಗಮನಿಸಿ, ಡಾಕ್ಟರಿಗೆ ಹೇಳಿ. ಕಸುಬು ಬಿಡಿ ಅನ್ನುವುದು ನನಗೆ ಸುಲಭ, ನಿಮಗೆ ಅಲ್ಲ. ಆದರೆ ಒಲೆಯ ಹೊಗೆ ಹೊರಗೆ ಹೋಗುವ ಚಿಮಣಿ, ಎದುರು ಬದುರು ಕಿಟಕಿ, ಗೂಡು ವಿಂಗಡಿಸುವಾಗ ಎನ್95 ಮಾಸ್ಕ್, ಮಲಗುವ ಕೋಣೆಯಲ್ಲಿ ಗೂಡಿನ ಚೀಲ ಇಡದಿರುವುದು, ಇಷ್ಟು ಆಗುತ್ತದೆ ಅಲ್ವಾ?

ಇನ್ಹೇಲರ್ ಚಟವಲ್ಲ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅನ್ನುವ ಮಾತ್ರೆ 4 ಮಿಲಿಗ್ರಾಂ. ಅದೇ ಔಷಧಿ ಇನ್ಹೇಲರ್ ಒಂದು ಸಲ ಒತ್ತಿದರೆ ಬರುವ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ನಲವತ್ತರಲ್ಲಿ ಒಂದು ಪಾಲು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಡವಡವ ಅನ್ನಿಸಿ ಆಮೇಲೆ ಶ್ವಾಸಕೋಶಕ್ಕೆ ಬರುತ್ತದೆ. ಇನ್ಹೇಲರ್ ನೇರ ಬೇಕಾದ ಜಾಗಕ್ಕೇ ಹೋಗುತ್ತದೆ. ಉಬ್ಬಸ ಬಹಳ ಕಾಲ ಇರುವ ಕಾಯಿಲೆ ಆದ್ದರಿಂದ ಔಷಧಿಯೂ ಬಹಳ ಕಾಲ ಬೇಕಾಗುತ್ತದೆ, ಬಿಪಿಗೆ ದಿನಾ ಮಾತ್ರೆ ತಗೊಳ್ಳುವ ಹಾಗೆ.

ಎರಡು ಥರ ಇರುತ್ತದೆ ಅನ್ನುವುದು ತಿಳಿದಿರಲಿ. ಒಂದು ಬಿಗಿದ ಸ್ನಾಯು ಸಡಿಲಿಸಿ ಆ ಕ್ಷಣಕ್ಕೆ ಆರಾಮ ಕೊಡುವುದು. ಇನ್ನೊಂದು ಒಳಗಿನ ಊತವನ್ನೇ ಇಳಿಸುವುದು, ಇದರಲ್ಲಿ ಸ್ವಲ್ಪ ಸ್ಟಿರಾಯ್ಡ್ ಇರುತ್ತದೆ. ಕೆಲವು ಇನ್ಹೇಲರಿನಲ್ಲಿ ಎರಡೂ ಸೇರಿರುತ್ತವೆ. ಜನ ಆರಾಮ ಕೊಡುವುದನ್ನು ಮಾತ್ರ ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತಾರೆ. ಊತ ಹಾಗೇ ಉಳಿದು ಒಂದು ದಿನ ಜೋರಾಗಿ ಬರುವುದು ಅದರಿಂದಲೇ. ನಿಮ್ಮ ಚೀಟಿಯಲ್ಲಿ ಯಾವುದು ಬರೆದಿದ್ದಾರೆ ಅಂತ ಡಾಕ್ಟರನ್ನೇ ಕೇಳಿ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಕಟ್ಟುತ್ತದೆ. ಒತ್ತಿ ಎಳೆಯುವ ಇನ್ಹೇಲರ್ ಆದರೆ ಸ್ಪೇಸರ್, ಅಂದರೆ ಇನ್ಹೇಲರಿಗೆ ಸಿಕ್ಕಿಸಿ ಉಸಿರೆಳೆಯುವ ಖಾಲಿ ಕೊಳವೆ, ಅದರ ಜೊತೆ ಬಳಸಿ. ಕೊಳ್ಳುವವರೆಗೆ ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿಯ ತಳಕ್ಕೆ ಇನ್ಹೇಲರಿನ ಬಾಯಿ ಸರಿಯಾಗಿ ಕೂರುವಷ್ಟೇ ತೂತು ಮಾಡಿ ಬಳಸಿದರೂ ಕೆಲಸ ನಡೆಯುತ್ತದೆ.

ಉಬ್ಬಸ ಜೋರಾದಾಗ ನೆಟ್ಟಗೆ ಕೂರಿ, ಮಲಗಬೇಡಿ. ಆರಾಮದ ಇನ್ಹೇಲರ್ ಸ್ಪೇಸರ್ ಮೂಲಕ ಒಂದೊಂದೇ ಪಫ್‌ನಂತೆ 4 ಪಫ್ ತಗೊಳ್ಳಿ. 20 ನಿಮಿಷದಲ್ಲಿ ಇಳಿಯದಿದ್ದರೆ ಇನ್ನೊಮ್ಮೆ 4 ತಗೊಂಡು ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ತಗೊಳ್ಳಬಹುದು. ಒಂದೇ ಉಸಿರಿಗೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿಲ್ಲ ಅಂದರೆ 20 ನಿಮಿಷವೂ ಕಾಯಬೇಡಿ.

ಪ್ರಶ್ನೆ: ತಂದೆಗೆ 74. ಚಿನ್ನದ ಗಣಿಯಲ್ಲಿ 28 ವರ್ಷ ಭೂಮಿ ಒಳಗೆ ಕೆಲಸ ಮಾಡಿದವರು. ನಾಲ್ಕು ದಿನದಿಂದ ಸ್ವಲ್ಪ ಕೆಮ್ಮು. ಜ್ವರ ಇಲ್ಲವೇ ಇಲ್ಲ. ಆದರೆ ಮುದ್ದೆ ಮುಟ್ಟುತ್ತಿಲ್ಲ, ಹಗಲೂ ಮಲಗಿರುತ್ತಾರೆ, ರಾತ್ರಿ ಶಿಫ್ಟಿಗೆ ಹೊತ್ತಾಯಿತು ಅಂತ ಎದ್ದು ಕೂರುತ್ತಾರೆ. ಚಳಿ ಹೋದ ಮೇಲೆ ಸರಿಹೋಗುತ್ತದೆಯೇ?
ಮಗ, ಕೆ.ಜಿ.ಎಫ್.

ಉತ್ತರ: ಪತ್ರದಲ್ಲಿ ಫೋನ್ ನಂಬರ್ ಇದ್ದದ್ದು ಒಳ್ಳೆಯದಾಯಿತು. ಓದಿದ ತಕ್ಷಣ ಫೋನ್ ಮಾಡಿ ಈಗಲೇ ಕರೆದುಕೊಂಡು ಹೋಗಿ ಅಂದೆ. ನ್ಯುಮೋನಿಯಾ ಆಗಿತ್ತು. ಹಿರಿಯರು ಈಗ ಮನೆಗೆ ಬಂದಿದ್ದಾರೆ. ಮಗ ಒಪ್ಪಿದ್ದರಿಂದ ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ವಯಸ್ಸಾದವರ ಮೈ ಜ್ವರ ಏರಿಸಲೂ ಸೋಲುತ್ತದೆ. ಅವರಲ್ಲಿ ನ್ಯುಮೋನಿಯಾ ಕೆಮ್ಮಿಗಿಂತ ಮೊದಲು ಬೇರೆ ರೂಪದಲ್ಲಿ ಕಾಣುತ್ತದೆ: ಊಟ ಬಿಡುವುದು, ಮಂಕಾಗುವುದು, ಇದ್ದಕ್ಕಿದ್ದಂತೆ ಗೊಂದಲದ ಮಾತು, ನಡೆಯುತ್ತಿದ್ದವರು ಬೀಳುವುದು. ಎರಡು ಮೂರು ದಿನದಲ್ಲಿ ಬಂದ ಇಂಥ ಬದಲಾವಣೆಯನ್ನು ವಯಸ್ಸಿನ ಮೇಲೆ ಹಾಕಬೇಡಿ. ಮಕ್ಕಳಿಗೆ ಹೇಳಿದ ಹಾಗೆಯೇ ಒಂದು ನಿಮಿಷ ಉಸಿರು ಎಣಿಸಿ, ದೊಡ್ಡವರಿಗೆ ಲೆಕ್ಕ ಮೇಲೆ ಹೇಳಿದ 30. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇದ್ದರೆ ತೆಗೆಯಿರಿ. ಕೈ ತಣ್ಣಗಿದ್ದರೆ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ, ಉಗುರು ಬಣ್ಣ ಇದ್ದರೆ ಅಳಿಸಿ, ಒಂದು ನಿಮಿಷ ಅಲುಗದೆ ಹಿಡಿಯಿರಿ. ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದರೆ ಅಂದೇ ಆಸ್ಪತ್ರೆ. 90 ಅಥವಾ ಕೆಳಗೆ ಬಂದರೆ 108.

ಗಣಿಯಲ್ಲಿ ದುಡಿದವರಿಗೆ ಇನ್ನೊಂದು ಮಾತು. ಗಣಿ 2001ರಲ್ಲಿ ಮುಚ್ಚಿತು, ಆದರೆ ಅಲ್ಲಿ ಬಂಡೆ ಕೊರೆದಾಗ ಒಳಗೆ ಹೋದ ಸಿಲಿಕಾ ಧೂಳು ಶ್ವಾಸಕೋಶದಿಂದ ಹೊರಗೆ ಬರುವುದಿಲ್ಲ. ಅದು ಅಲ್ಲೇ ಕಲೆ ಕಟ್ಟುತ್ತಾ ಹೋಗುತ್ತದೆ. ಸಿಲಿಕೋಸಿಸ್ ಅನ್ನುತ್ತಾರೆ. ವಾಸಿ ಮಾಡುವ ಔಷಧಿ ಇಲ್ಲ, ಮತ್ತು ಅದು ಇದ್ದವರಿಗೆ ಕ್ಷಯ ಬರುವ ಸಂಭವ ಜಾಸ್ತಿ. ಡಾಕ್ಟರು ಕೇಳದಿದ್ದರೂ ಗಣಿಯಲ್ಲಿ ಇದ್ದರು ಅಂತ ನೀವೇ ಹೇಳಿ. ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಲ್ಲಿ ಇವತ್ತು ದುಡಿಯುತ್ತಿರುವ ಹುಡುಗರಿಗೂ ಇದೇ ಧೂಳು. ಬಾಯಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ನೀರು ಹಾಯಿಸಿ ಕೊರೆಯುವುದು, ಸರಿಯಾದ ಮಾಸ್ಕ್, ಕಾಲಕಾಲಕ್ಕೆ ಎದೆ ಎಕ್ಸ್‌ರೇ, ಇದನ್ನು ಮಾಲೀಕರಿಂದ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ಪ್ರಶ್ನೆ: ನಾನು ಟೀಚರ್, ಐದು ತಿಂಗಳ ಗರ್ಭಿಣಿ. ಶಾಲೆಯಲ್ಲಿ ಎಲ್ಲರಿಗೂ ಫ್ಲೂ. ಇದು ಬರೀ ನೆಗಡಿಯೋ ಫ್ಲೂವೋ ಅಂತ ಹೇಗೆ ತಿಳಿಯುವುದು? ಲಸಿಕೆ ತಗೊಳ್ಳಬಹುದೇ?
ಓದುಗರು, ಮಧುಗಿರಿ

ಉತ್ತರ: ನೆಗಡಿ ಮೆಲ್ಲಗೆ ಬರುತ್ತದೆ, ಇವತ್ತು ಗಂಟಲು ಕೆರೆತ, ನಾಳೆ ಸೀನು, ನಾಡಿದ್ದು ಮೂಗು ಕಟ್ಟು. ಫ್ಲೂ ದಿಢೀರ್ ಬೀಳಿಸುತ್ತದೆ. ಮಧ್ಯಾಹ್ನ ಪಾಠ ಮಾಡುತ್ತಿದ್ದವರು ಸಂಜೆಗೆ ಚಳಿ ಜ್ವರ, ಮೈಕೈ ನೋವು, ತಲೆನೋವು ಅಂತ ಮಲಗಿಬಿಡುತ್ತಾರೆ. ಲಸಿಕೆ ಗರ್ಭಿಣಿಯರಿಗೆ ಯಾವ ತಿಂಗಳಲ್ಲಾದರೂ ಸುರಕ್ಷಿತ, ತಗೊಳ್ಳಲೇಬೇಕಾದವರಲ್ಲಿ ನೀವು ಮೊದಲಿಗರು. ಹುಟ್ಟಿದ ಮಗುವಿಗೂ ಮೊದಲ ಕೆಲವು ತಿಂಗಳು ಅದರ ರಕ್ಷಣೆ ಸಿಗುತ್ತದೆ. ಮೂಗಿಗೆ ಸಿಂಪಡಿಸುವುದು ಬೇಡ, ಇಂಜೆಕ್ಷನ್ ತಗೊಳ್ಳಿ. ಕೆಲಸ ಮಾಡಲು ಎರಡು ವಾರ ಬೇಕು, ಪ್ರತಿ ವರ್ಷ ಹೊಸದಾಗಿ ತಗೊಳ್ಳಬೇಕು.

ಜ್ವರ ಬಂದೇಬಿಟ್ಟರೆ ಎರಡು ದಿನ ನೋಡೋಣ ಅಂತ ಕೂರಬೇಡಿ. ಫ್ಲೂಗೆ ಒಸೆಲ್ಟಮಿವಿರ್ ಅನ್ನುವ ಔಷಧಿ ಇದೆ, ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ಅದನ್ನು ಡಾಕ್ಟರೇ ಬರೆಯಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸರಿ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬೇಡ.

ಇನ್ನು ಪುಟ್ಟ ಪ್ರಶ್ನೆಗಳು.

ತಿಪಟೂರಿನಿಂದ: ಚಳಿಗಾಲದಲ್ಲಿ ಎಳನೀರು ಕುಡಿದರೆ ಶೀತವಾಗುತ್ತದೆಯೇ? ಇಲ್ಲ. ತೋಟದಲ್ಲೇ ಇದೆಯಲ್ಲ, ಕುಡಿಯಿರಿ. ಬಾಳೆಹಣ್ಣು, ಮೊಸರಿಗೂ ಇದೇ ಉತ್ತರ.

ಮಾಲೂರಿನಿಂದ: ಆವಿ ತಗೊಂಡರೆ ಕಫ ಕರಗುತ್ತದೆಯೇ? ದೊಡ್ಡವರಿಗೆ ಮೂಗು ಬಿಟ್ಟ ಹಾಗೆ ಅನಿಸಿ ಹಿತವಾಗುತ್ತದೆ, ಕಾಯಿಲೆ ಬೇಗ ವಾಸಿಯಾಗುವುದಿಲ್ಲ. ಮಕ್ಕಳಿಗೆ ಮಾತ್ರ ಬೇಡವೇ ಬೇಡ. ಸ್ಟೂಲಿನ ಮೇಲೆ ಕುದಿಯುವ ಪಾತ್ರೆ, ತಲೆ ಮೇಲೆ ಬೆಡ್‌ಶೀಟ್, ಒಂದು ಸಲ ಕೈ ತಾಗಿದರೆ ತೊಡೆಯೆಲ್ಲ ಸುಟ್ಟುಹೋಗುತ್ತದೆ.

ಶಿರಾದಿಂದ: ಅಜ್ಜಿಯ ಮೆಣಸು, ಶುಂಠಿ, ದೊಡ್ಡಪತ್ರೆ ಕಷಾಯ? ಗಂಟಲಿಗೆ ಹಿತ, ದೊಡ್ಡವರು ಒಂದೆರಡು ಲೋಟ ಕುಡಿಯಬಹುದು. ಖಾರ ಜಾಸ್ತಿಯಾಗಿ ಎದೆ ಉರಿದರೆ ನಿಲ್ಲಿಸಿ. ಹುರುಳಿ ಸಾರೂ ಅಷ್ಟೇ ಹಿತ.

ಮುಳಬಾಗಿಲಿನಿಂದ: ರಾತ್ರಿ ಕೋಣೆಯಲ್ಲಿ ಕೆಂಡ ಇಟ್ಟು ಮಲಗುತ್ತೇವೆ, ಬೆಚ್ಚಗಿರುತ್ತದೆ, ತೊಂದರೆ ಇದೆಯೇ? ಇದೆ, ಜೀವಕ್ಕೇ ತೊಂದರೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಇವತ್ತು ರಾತ್ರಿಯಿಂದಲೇ ಕೆಂಡ ಹೊರಗಿಡಿ, ಇನ್ನೊಂದು ಕಂಬಳಿ ಹೊದೆಯಿರಿ.

ಪ್ರಶ್ನೆ: ನನ್ನ ಗಂಡನಿಗೆ ಒಂದು ತಿಂಗಳಿಂದ ಕೆಮ್ಮು. ಚಳಿಯ ಕೆಮ್ಮು ಅಂತಲೇ ಇದ್ದೆವು. ಸಂಜೆ ಮೈ ಬೆಚ್ಚಗಾಗುತ್ತದೆ, ಪ್ಯಾಂಟು ಸಡಿಲವಾಗಿದೆ. ಪರೀಕ್ಷೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಹೋಗುತ್ತಿಲ್ಲ. ಮನೆಯಲ್ಲಿ 4 ವರ್ಷದ ಮಗಳಿದ್ದಾಳೆ.
ಹೆಸರು, ಊರು ಬೇಡ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ನೀವು ಬರೆದದ್ದು ದೊಡ್ಡ ಕೆಲಸ, ತಾಯಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಅದರ ಜೊತೆ ಸಂಜೆ ಜ್ವರ, ತೂಕ ಇಳಿತ ಇದ್ದರೆ ಕ್ಷಯ ಇರಬಹುದು. ಅದೇ ಅಂತ ನಾನು ಇಲ್ಲಿಂದ ಹೇಳಲಾರೆ, ಪರೀಕ್ಷೆ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಪೂರ್ತಿ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ನಡುವೆ ಬಿಡದೆ ತಗೊಂಡರೆ ಪೂರ್ತಿ ವಾಸಿಯಾಗುತ್ತದೆ. ಚಿಕಿತ್ಸೆ ನಡೆಯುವಷ್ಟು ಕಾಲ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಹೆಚ್ಚಿಸಿದರು.

ಊರಿನ ಮಾತಿಗೆ ಹೆದರುವ ನಿಮ್ಮ ಯಜಮಾನರಿಗೆ ಒಂದು ಹೇಳಿ. ಔಷಧಿ ಸರಿಯಾಗಿ ನಾಟಿದರೆ ಕೆಲವೇ ವಾರಗಳಲ್ಲಿ ಇನ್ನೊಬ್ಬರಿಗೆ ಅಂಟಿಸುವ ಶಕ್ತಿ ಬಹಳ ಇಳಿಯುತ್ತದೆ. ಹೆದರಿ ಮನೆಯಲ್ಲಿ ಕೂತ ಪ್ರತಿ ದಿನವೂ ಆ ಕೆಮ್ಮು ಮಗಳ ಮುಖದ ಮುಂದೆಯೇ ಇರುತ್ತದೆ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಅದರಿಂದ ಹರಡುವುದಿಲ್ಲ. ಹರಡುವುದು ಗಾಳಿಯಲ್ಲಿ. ಅಂಟಿಸುವ ಶಕ್ತಿ ಇಳಿಯುವವರೆಗೆ ಅವರು ಮಾಸ್ಕ್ ಹಾಕಲಿ, ಕಿಟಕಿ ತೆರೆದಿರಲಿ, ಮಗಳು ಬೇರೆ ಕೋಣೆಯಲ್ಲಿ ನಿಮ್ಮ ಜೊತೆ ಮಲಗಲಿ. ಕ್ಷಯ ಅಂತ ಗೊತ್ತಾದರೆ ಮಗಳನ್ನೂ ಪರೀಕ್ಷಿಸುತ್ತಾರೆ. ಅವಳಿಗೆ ಕಾಯಿಲೆ ಇಲ್ಲದಿದ್ದರೂ ಬಾರದಂತೆ ತಡೆಯುವ ಔಷಧಿ ಕೊಡುತ್ತಾರೆ, ಕೊಡಿಸಿ.

ಕಫ ಕೊಡುವ ರೀತಿ ಹೇಳಿಬಿಡುತ್ತೇನೆ, ಯಾಕೆಂದರೆ ಎಂಜಲು ತುಂಬಿ ಕೊಟ್ಟು ಪರೀಕ್ಷೆ ಹಾಳಾಗುವುದು ಜಾಸ್ತಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಬ್ಬಿ ಕೊಡುತ್ತಾರೆ. ಬೆಳಿಗ್ಗೆ ಎದ್ದು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಬಯಲಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಬಿಟ್ಟು, ಎದೆಯಾಳದಿಂದ ಕೆಮ್ಮಿ ಬಂದ ಗಟ್ಟಿ ಕಫವನ್ನು ಡಬ್ಬಿಗೆ ಹಾಕಬೇಕು. ಮುಚ್ಚಳ ಬಿಗಿ ಮಾಡಿ ಅಂದೇ ತಲುಪಿಸಿ. ಮೊದಲ ಸಲ ನೀವೇ ಜೊತೆಗೆ ಹೋಗಿ.